ಹಠಾತ್ತೋ, ಹಳೆಯದೋ? ಆಸ್ಪತ್ರೆಯ ಕಾಗದದಲ್ಲಿ ಮೂತ್ರಪಿಂಡದ ಕಾಯಿಲೆ

(ಸಂಘದ ವಾಚನಾಲಯದಲ್ಲಿ ನಡೆದ ಭಾನುವಾರದ ಸಭೆಯಲ್ಲಿ, ಆಸ್ಪತ್ರೆಗಳ ದಾಖಲೆ ವಿಭಾಗದಲ್ಲಿ ದುಡಿಯುವ ಸದಸ್ಯರ ಪರವಾಗಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾದ ಗದ್ದಲ ಆರಂಭವಾಗುವುದಕ್ಕೆ ಮುಂಚೆ ಹೋಟೆಲು ನೌಕರರಿಗೆ ಸಿಕ್ಕುವ ಬಿಡುವು ಎರಡೇ ತಾಸು. ಅದರಲ್ಲಿ ಒಂದನ್ನು ನೀವು ನಮಗೆ ಕೊಟ್ಟಿದ್ದೀರಿ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದಿರುವ ಗಿರಣಿಯ ಬಂಧುಗಳೂ ಇಲ್ಲಿದ್ದಾರೆ. ಆದುದರಿಂದ ಪೀಠಿಕೆಯನ್ನು ಬೆಳೆಸುವುದಿಲ್ಲ.

ನಾವು ಡಾಕ್ಟರರಲ್ಲ, ದಾದಿಯರೂ ಅಲ್ಲ. ರೋಗಿ ಮನೆಗೆ ಹೋದ ಮೇಲೆ ಅವನ ಕಾಗದಗಳ ಕಟ್ಟು ಬಂದು ಬೀಳುವ ಕೋಣೆಯಲ್ಲಿ ದುಡಿಯುವವರು. ಆ ಕಟ್ಟನ್ನು ಬಿಚ್ಚಿ, ಡಾಕ್ಟರರು ಬರೆದ ಕಾಯಿಲೆಯ ಹೆಸರನ್ನು ಓದಿ, ಅದಕ್ಕೆ ತಕ್ಕ ಅಂಕೆಯನ್ನು ನಮೂದಿಸುವುದು ನಮ್ಮ ಕಸುಬು. ಇದಕ್ಕೆ ಕೋಡಿಂಗ್ ಎನ್ನುತ್ತಾರೆ. ಹೋಟೆಲಿನಲ್ಲಿ ಗಲ್ಲಾದ ಮೇಲೆ ಕುಳಿತವನು ಗಿರಾಕಿಯ ತಟ್ಟೆಯನ್ನು ಹೋಗಿ ನೋಡುವುದಿಲ್ಲ. ಮಾಣಿ ತಂದ ಚೀಟಿಯನ್ನು ನೋಡಿ ಹಣ ಎಣಿಸುತ್ತಾನೆ. ನಾವೂ ಹಾಗೆಯೇ ರೋಗಿಯನ್ನು ನೋಡುವುದಿಲ್ಲ, ಚೀಟಿಯನ್ನು ನೋಡುತ್ತೇವೆ. ಚೀಟಿಯಲ್ಲಿ ಸಾದಾ ಎಂದಿದೆಯೋ ಮಸಾಲೆ ಎಂದಿದೆಯೋ ತಿಳಿಯದಿದ್ದರೆ ಗಲ್ಲಾದವನು ಏನು ಮಾಡಬೇಕು? ಮಾಣಿಯನ್ನು ಕರೆದು ಕೇಳಬೇಕು. ನಾವು ಡಾಕ್ಟರರನ್ನು ಕೇಳಬೇಕು. ಕೇಳುವುದಕ್ಕೆ ಡಾಕ್ಟರರು ಸಿಕ್ಕಬೇಕಷ್ಟೆ.

ನಮ್ಮ ಕೈಗೆ ಬರುವ ಚೀಟಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲಕ್ಕೆ ಎಡೆ ಕೊಡುವುದು ಮೂತ್ರಪಿಂಡದ, ಅಂದರೆ ಕಿಡ್ನಿಯ ಕಾಯಿಲೆ. ಕಾಯಿಲೆ ಹಠಾತ್ತಾಗಿ ಬಂದದ್ದೋ, ಬಹುಕಾಲದಿಂದ ಇದ್ದದ್ದೋ ಎಂಬ ಒಂದೇ ಮಾತಿನಲ್ಲಿ ಆ ಗೊಂದಲವೆಲ್ಲ ಅಡಗಿದೆ. ಈ ಮಾತು ಕಚೇರಿಯ ಗುಮಾಸ್ತರಿಗೆ ಬೇಕಾದದ್ದು, ನಮಗೇನು ಎಂದು ನೀವು ಕೇಳಬಹುದು. ನಿಮ್ಮ ರಜೆಯ ಸಂಬಳ ಆ ಮಾತಿನ ಮೇಲೆ ನಿಂತಿದೆ. ಅದಕ್ಕೇ ಈ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ರೋಗಗಳಿಗೆ ಅಂಕೆ ಕೊಡುವ ಪದ್ಧತಿ ಇಂದಿನದಲ್ಲ. ಫ್ರಾನ್ಸಿನ ಅಂಕಿಅಂಶ ತಜ್ಞ ಜಾಕ್ ಬೆರ್ತಿಲ್ಯೋ 1893ರಲ್ಲಿ ಸಾವಿನ ಕಾರಣಗಳ ಪಟ್ಟಿಯೊಂದನ್ನು ಮಂಡಿಸಿದ. ಅದೇ ಬೆಳೆದು ಇಂದಿನ ಅಂತರರಾಷ್ಟ್ರೀಯ ರೋಗ ವರ್ಗೀಕರಣ, ಐ.ಸಿ.ಡಿ. ಆಗಿದೆ. 1909ರ ಪರಿಷ್ಕರಣೆಯಲ್ಲಿಯೇ ಹಠಾತ್ತಾಗಿ ಬರುವ ಮೂತ್ರಪಿಂಡದ ಉರಿಯೂತಕ್ಕೆ 119 ಎಂಬ ಅಂಕೆಯಿತ್ತು. ಬಹುಕಾಲ ಕಾಡುವ ಬ್ರೈಟನ ಕಾಯಿಲೆಗೆ 120. ರಿಚರ್ಡ್ ಬ್ರೈಟ್ ಎಂಬಾತ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ. ಮೈ ಬಾತುಕೊಂಡು ಸತ್ತವರ ಮೂತ್ರಪಿಂಡಗಳು ಕೆಟ್ಟಿರುವುದನ್ನು 1827ರಲ್ಲಿ ಬರೆದು ಪ್ರಕಟಿಸಿದವನು ಆತ. ಹಠಾತ್ತು ಬೇರೆ, ಹಳೆಯದು ಬೇರೆ ಎಂಬ ಭೇದ ಹೀಗೆ ನೂರು ವರ್ಷಕ್ಕೂ ಹಿಂದಿನ ಲೆಕ್ಕದ ಪುಸ್ತಕದಲ್ಲಿಯೇ ಇದೆ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಪಟ್ಟಿಯನ್ನು ವಹಿಸಿಕೊಂಡು, ಸಾವಿನ ಜೊತೆಗೆ ಬದುಕಿರುವವರ ಕಾಯಿಲೆಗಳನ್ನೂ ಅದರಲ್ಲಿ ಸೇರಿಸಿತು. ನಮ್ಮ ದೇಶದಲ್ಲಿ ಕಾರ್ಮಿಕರ ರಾಜ್ಯವಿಮೆಯ ಕಾಯಿದೆ ಬಂದದ್ದೂ ಅದೇ 1948ರಲ್ಲಿ. ಎರಡಕ್ಕೂ ಸಂಬಂಧವಿಲ್ಲ, ಆದರೂ ನಮ್ಮ ಕೋಣೆಯಲ್ಲಿ ದಿನವೂ ಎರಡೂ ಒಂದೇ ಮೇಜಿನ ಮೇಲೆ ಕೂಡುತ್ತವೆ.

ಈಗ ನಾವು ಬಳಸುವ ಹತ್ತನೆಯ ಪರಿಷ್ಕರಣೆಯಲ್ಲಿ ಮೂರು ಅಂಕೆಗಳನ್ನು ನೆನಪಿಟ್ಟರೆ ಸಾಕು. ಹಠಾತ್ ವೈಫಲ್ಯಕ್ಕೆ ಎನ್ 17. ಬಹುಕಾಲದ ಕಾಯಿಲೆಗೆ ಎನ್ 18. ಯಾವುದೆಂದು ಡಾಕ್ಟರರು ಬರೆಯದೆ ಕೇವಲ ‘ಕಿಡ್ನಿ ಫೇಲ್ಯೂರ್’ ಎಂದಷ್ಟೇ ಗೀಚಿದ್ದರೆ ಎನ್ 19. 2022ರಿಂದ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಅಂಕೆಗಳು ಬದಲಾಗಿ ಜಿಬಿ 60, ಜಿಬಿ 61 ಆಗಿವೆ. ಭೇದ ಹಾಗೆಯೇ ಉಳಿದಿದೆ.

ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಿಕೊಳ್ಳಬೇಕು. ಡಾಕ್ಟರರ ‘ಅಕ್ಯೂಟ್’ ಎಂಬ ಶಬ್ದವನ್ನು ನಮ್ಮ ಪತ್ರಿಕೆಗಳು ‘ತೀವ್ರ’ ಎಂದು ಬರೆಯುತ್ತವೆ. ತೀವ್ರ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಜೋರಾದದ್ದು, ದೊಡ್ಡದು, ಪ್ರಾಣಕ್ಕೆ ಬಂದದ್ದು ಎಂಬ ಅರ್ಥ. ‘ಕ್ರಾನಿಕ್’ ಎಂದರೆ ಹಳೇ ಕೆಮ್ಮಿನಂತೆ ಹೇಗೋ ನಡೆದುಕೊಂಡು ಹೋಗುವ ಸಣ್ಣ ಕಾಯಿಲೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಎರಡೂ ತಪ್ಪು. ಅಕ್ಯೂಟ್ ಎಂಬುದು ಇಲ್ಲಿ ಕಾಲವನ್ನು ಹೇಳುವ ಮಾತು; ಕಾಯಿಲೆ ಗಂಟೆಗಳಲ್ಲಿ, ದಿನಗಳಲ್ಲಿ ಬಂತು ಎಂದು ಅರ್ಥ. ಕ್ರಾನಿಕ್ ಎಂದರೆ ತಿಂಗಳು, ವರ್ಷಗಳಿಂದ ಇದೆ ಎಂದರ್ಥ. ಹಠಾತ್ತಾದದ್ದು ಎರಡು ಬಾಟಲಿ ಸಲೈನಿನಲ್ಲಿ ವಾಸಿಯಾಗಬಹುದು. ಹಳೆಯದು ಸದ್ದಿಲ್ಲದೆ ಇದ್ದು ಎರಡೂ ಮೂತ್ರಪಿಂಡಗಳನ್ನು ತಿಂದು ಮುಗಿಸಬಹುದು. ಮುಂಬಯಿಯ ಆಸ್ಪತ್ರೆಗಳಲ್ಲಿ ಮರಾಠಿ ದಾದಿಯರು ಕ್ರಾನಿಕ್‌ಗೆ ‘ಜುನಾಟ್’ ಎನ್ನುತ್ತಾರೆ. ಹಳೆಯದು ಎಂಬ ಅರ್ಥ ಅದರಲ್ಲಿ ಚೆನ್ನಾಗಿ ಇಳಿದಿದೆ. ನಾವಂತೂ ಇಂದಿನ ಭಾಷಣದಲ್ಲಿ ತೀವ್ರ ಎಂಬ ಶಬ್ದವನ್ನು ಕೈಬಿಟ್ಟು, ಹಠಾತ್ತು, ಹಳೆಯದು ಎಂದೇ ಹೇಳುತ್ತೇವೆ.

ಕಾಲವನ್ನು ಅಳೆಯುವುದು ಹೇಗೆ? ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸವೊಂದಿದೆ. ಸ್ನಾಯುಗಳಿಂದ ಹುಟ್ಟುವ ಅದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಮೂತ್ರಪಿಂಡ ಸೋತರೆ ಅದು ರಕ್ತದಲ್ಲಿ ಏರುತ್ತದೆ. 2012ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಇದು 48 ತಾಸಿನೊಳಗೆ 0.3 ಮಿಲಿಗ್ರಾಮಿನಷ್ಟು ಏರಿದರೆ, ಅಥವಾ ಏಳು ದಿನಗಳೊಳಗೆ ಮೊದಲಿದ್ದುದರ ಒಂದೂವರೆ ಪಟ್ಟಾದರೆ, ಅಥವಾ ಆರು ತಾಸು ಮೂತ್ರ ತೀರ ಕಡಿಮೆಯಾದರೆ ಅದು ಹಠಾತ್ ಹಾನಿ. ಹಳೆಯದೆನ್ನಲು ಕೆಡುಕಿನ ಗುರುತು ಮೂರು ತಿಂಗಳಿಗೂ ಹೆಚ್ಚು ಕಾಲ ಇರಬೇಕು. ಹಳೆಯದರಲ್ಲಿ ಐದು ಹಂತಗಳಿವೆ. ಮೂತ್ರಪಿಂಡದ ಸೋಸುವ ಶಕ್ತಿ ನಿಮಿಷಕ್ಕೆ 90 ಮಿಲಿಲೀಟರು ಅಥವಾ ಮೇಲಿದ್ದು ಬೇರೆ ಹಾನಿಯ ಗುರುತಿದ್ದರೆ ಒಂದನೆಯ ಹಂತ. 15ಕ್ಕಿಂತ ಕೆಳಗಿಳಿದರೆ ಐದನೆಯದು. ನಮ್ಮ ಪುಸ್ತಕದಲ್ಲಿ ಅವು ಎನ್ 18.1ರಿಂದ ಎನ್ 18.5ರವರೆಗೆ.

ಗಮನಿಸಿ: ಎರಡು ವ್ಯಾಖ್ಯೆಗಳೂ ಹಿಂದಿನ ಒಂದು ದಿನವನ್ನು ಕೇಳುತ್ತವೆ. ಒಂದೂವರೆ ಪಟ್ಟು ಎಂದರೆ ಯಾವುದರ ಒಂದೂವರೆ ಪಟ್ಟು? ಮೂರು ತಿಂಗಳಿನಿಂದ ಇದೆ ಎನ್ನಲು ಮೂರು ತಿಂಗಳ ಹಿಂದಿನ ಕಾಗದ ಎಲ್ಲಿ? ಕ್ರಿಯಾಟಿನಿನ್ 4 ಇಟ್ಟುಕೊಂಡು ಒಬ್ಬ ಮನುಷ್ಯ ಇಂದು ರಾತ್ರಿ ತುರ್ತು ವಿಭಾಗಕ್ಕೆ ಬಂದರೆ ಆ ಒಂದು ಅಂಕೆ ಏನನ್ನೂ ಹೇಳುವುದಿಲ್ಲ. ಹೋದ ವಾರ ಅದು 1 ಇತ್ತೆಂದರೆ ಹಠಾತ್ತು. ಹೋದ ವರ್ಷವೂ 4 ಇತ್ತೆಂದರೆ ಹಳೆಯದು. ಹೋದ ವರ್ಷ 2 ಇದ್ದು ಈ ವಾರ ಏರಿದರೆ ಹಳೆಯದರ ಮೇಲೆ ಹಠಾತ್ತು. ಆಗ ಎನ್ 17, ಎನ್ 18 ಎರಡನ್ನೂ ಬರೆಯಬೇಕು. ಒಂದನ್ನು ಬರೆದು ಇನ್ನೊಂದನ್ನು ಬಿಡುವುದು ಅರ್ಧ ಲೆಕ್ಕ.

ಹಳೆಯ ಕಾಗದ ಇಲ್ಲದಿದ್ದಾಗ ಡಾಕ್ಟರರು ಬೇರೆ ಗುರುತುಗಳನ್ನು ಹುಡುಕುತ್ತಾರೆ. ಸೊನೋಗ್ರಫಿಯಲ್ಲಿ ಮೂತ್ರಪಿಂಡ ಕುಗ್ಗಿ ಸಣ್ಣದಾಗಿದ್ದರೆ ಬಹುಪಾಲು ಹಳೆಯದೇ. ಆದರೆ ಸಕ್ಕರೆ ಕಾಯಿಲೆಯವರಲ್ಲಿ ಹಳೆಯದಾದರೂ ಗಾತ್ರ ಕುಗ್ಗದೆ ಇರಬಹುದು. ರಕ್ತಹೀನತೆ ಹಳೆಯದರ ಗುರುತಾಗಬಹುದು, ಹೊಟ್ಟೆಗಿಲ್ಲದವನಿಗೂ ರಕ್ತಹೀನತೆಯಿರುತ್ತದೆ. ಇವೆಲ್ಲ ಡಾಕ್ಟರರ ತೀರ್ಮಾನಕ್ಕೆ ಬಿಟ್ಟದ್ದು. ಪ್ರಯೋಗಾಲಯದ ಅಂಕೆಯನ್ನು ನೋಡಿ ನಾವೇ ಹಠಾತ್ತೆಂದೋ ಹಳೆಯದೆಂದೋ ಬರೆದುಬಿಡುವ ಅಧಿಕಾರ ನಮಗಿಲ್ಲ. ಅದು ಸರಿಯಾದ ನಿಯಮವೆಂದೇ ನಮ್ಮ ಅಭಿಪ್ರಾಯ, ಎಷ್ಟೋ ಸಲ ಉತ್ತರ ಕಣ್ಣೆದುರಿಗೇ ಕಂಡರೂ.

ಇನ್ನು ಅಕ್ಷರಗಳ ಪಾಡು. ಅವಸರದಲ್ಲಿ ಡಾಕ್ಟರರು ಪೂರ್ತಿ ಹೆಸರು ಬರೆಯುವುದಿಲ್ಲ. ‘ಎ.ಆರ್.ಎಫ್.’ ಎಂದರೆ ಹಠಾತ್ ಮೂತ್ರಪಿಂಡ ವೈಫಲ್ಯ, ‘ಸಿ.ಆರ್.ಎಫ್.’ ಎಂದರೆ ಹಳೆಯದು. ನಡುವೆ ಒಂದೇ ಅಕ್ಷರದ ಅಂತರ, ಅದೂ ಕೈಬರಹದಲ್ಲಿ! ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಎ.ಆರ್.ಎಫ್. ಎಂದರೆ ಉಸಿರಾಟದ ಹಠಾತ್ ವೈಫಲ್ಯವೂ ಆಗಬಹುದು, ಕೀಲು ಮತ್ತು ಹೃದಯಕ್ಕೆ ತಗಲುವ ರುಮ್ಯಾಟಿಕ್ ಜ್ವರವೂ ಆಗಬಹುದು. ಮೂತ್ರಪಿಂಡಕ್ಕೆ ಎನ್ 17, ಉಸಿರಿಗೆ ಜೆ 96, ಜ್ವರಕ್ಕೆ ಐ ಸೊನ್ನೆ ಸೊನ್ನೆ. ಮೂರಕ್ಕೂ ಚೀಟಿಯಲ್ಲಿ ಅದೇ ಮೂರಕ್ಷರ. ಈಗೀಗ ಎ.ಕೆ.ಐ., ಸಿ.ಕೆ.ಡಿ. ಎಂದು ಬರೆಯುವುದು ರೂಢಿಯಾಗಿರುವುದರಿಂದ ಸ್ವಲ್ಪ ಉಸಿರಾಡುವಂತಾಗಿದೆ.

ಡಯಾಲಿಸಿಸ್ ಎಂದೊಡನೆ ‘ಕಿಡ್ನಿ ಹೋಯಿತು’ ಎಂದು ಊರಿಗೆ ಫೋನು ಮಾಡುವುದು ನಮ್ಮವರಲ್ಲಿ ವಾಡಿಕೆ. ಇದು ಎಲ್ಲ ಸಂದರ್ಭಕ್ಕೂ ನಿಜವಲ್ಲ. ಆ ಯಂತ್ರದ ಚರಿತ್ರೆಯೇ ಬೇರೆ ಹೇಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯ, ಮಾಂಸದ ಸಾಸೇಜು ತುಂಬುವ ಸೆಲೋಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ಮೊದಲ ಕೃತಕ ಮೂತ್ರಪಿಂಡವನ್ನು ಕಟ್ಟಿದ. ಅದರಿಂದ ಬದುಕಿದ ಮೊದಲಿಗಳೆಂದು ಹೇಳಲಾಗುವವಳು 1945ರಲ್ಲಿ ಚಿಕಿತ್ಸೆ ಪಡೆದ 67 ವರ್ಷದ ಹೆಂಗಸು. ಅವಳದು ಹಠಾತ್ ವೈಫಲ್ಯ. ಮೂತ್ರಪಿಂಡಗಳು ಮತ್ತೆ ಕೆಲಸಕ್ಕೆ ಹತ್ತುವವರೆಗೆ ಯಂತ್ರ ದಾರಿ ದಾಟಿಸಿತು. ಹಳೆಯ ಕಾಯಿಲೆಯವರಿಗೆ ಆ ಯಂತ್ರದಿಂದ ಆಗ ಉಪಯೋಗವಾಗುತ್ತಿರಲಿಲ್ಲ. ಪ್ರತಿ ಸಲವೂ ಹೊಸದಾಗಿ ರಕ್ತನಾಳವನ್ನು ಕೊಯ್ಯಬೇಕಾಗಿತ್ತು. ವಾರಕ್ಕೆರಡು ಮೂರು ಸಲದಂತೆ ವರ್ಷಗಟ್ಟಲೆ ಕೊಯ್ಯಲು ಕೈಕಾಲಿನಲ್ಲಿ ನಾಳಗಳೆಲ್ಲಿವೆ? 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬಾತ ಮುಂಗೈಯಲ್ಲಿಯೇ ಕೂಡಿಸಿಡಬಹುದಾದ ಟೆಫ್ಲಾನಿನ ನಳಿಗೆಯನ್ನು ರೂಪಿಸಿದ ಮೇಲೆಯೇ ಹಳೆಯ ಕಾಯಿಲೆಯವರಿಗೆ ಡಯಾಲಿಸಿಸ್ ಸಾಧ್ಯವಾಯಿತು. ಅವನ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ 1971ರವರೆಗೆ ಬದುಕಿದ. ಇಂದಿಗೂ ಎರಡು ಬಗೆಯವರೂ ಒಂದೇ ಸಾಲಿನ ಯಂತ್ರಗಳಿಗೆ ಕೂಡುತ್ತಾರೆ. ಅವರಲ್ಲಿ ಯಾರು ನಾಲ್ಕು ಸಲ ಬಂದು ಹೋಗುವವರು, ಯಾರು ಬದುಕಿರುವವರೆಗೆ ಬರಬೇಕಾದವರು ಎಂಬುದು ನೋಡಿದರೆ ತಿಳಿಯದು.

ಈಗ ಹಣದ ಮಾತಿಗೆ ಬರೋಣ. ಇಬ್ಬರು ನೌಕರರನ್ನು ಊಹಿಸಿಕೊಳ್ಳಿ.

ಒಬ್ಬ ಹೋಟೆಲಿನ ಮಾಣಿ. ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ಕೆಲಸಕ್ಕೆ ಹೋದ. ವಾರ ಕಳೆದ ಮೇಲೆ ಜ್ವರ, ಕಣ್ಣು ಕೆಂಪು, ಮೂತ್ರ ಕಟ್ಟಿತು. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಇದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದು ಮುಂಬಯಿ ಮುಳುಗಿದಾಗ, ಅದರ ಬೆನ್ನಿಗೇ ಈ ಜ್ವರ ಊರೆಲ್ಲ ಹಬ್ಬಿದ್ದನ್ನು ನಿಮ್ಮಲ್ಲಿ ಹಿರಿಯರು ಬಲ್ಲರು. ಇದರಲ್ಲಿ ಮೂತ್ರಪಿಂಡ ಹಠಾತ್ತಾಗಿ ಸೋಲುತ್ತದೆ. ಬದುಕಿ ಉಳಿದವರಲ್ಲಿ ಬಹುಪಾಲು ಮತ್ತೆ ಸುಧಾರಿಸುತ್ತದೆ. ಇವನ ಡಿಸ್ಚಾರ್ಜ್ ಕಾರ್ಡಿನಲ್ಲಿ ಕೈತಪ್ಪಿ ಕ್ರಾನಿಕ್ ಎಂದು ಬಿದ್ದರೆ ಏನಾಗುತ್ತದೆ? ಅವನು ಖಾಸಗಿ ಆರೋಗ್ಯ ವಿಮೆ ಮಾಡಿಸಿದ್ದರೆ, ಇದು ವಿಮೆಗೆ ಮೊದಲೇ ಇದ್ದ ಕಾಯಿಲೆ ಎಂದು ಕಂಪೆನಿ ಬಿಲ್ಲನ್ನು ತಳ್ಳಿಹಾಕಬಹುದು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಾಲ್ಕು ವರ್ಷದಿಂದ ಮೂರು ವರ್ಷಕ್ಕೆ ಇಳಿಸಿದೆ. ಆದರೂ ಮೂರು ವರ್ಷವೆಂದರೆ ಬಡವನ ಪಾಲಿಗೆ ಸಣ್ಣ ಅವಧಿಯೇ? ಇಷ್ಟೇ ಅಲ್ಲ, ಗುಣವಾದ ಹುಡುಗನ ಮೇಲೆ ‘ಕಿಡ್ನಿ ಪೇಶೆಂಟ್’ ಎಂಬ ಚೀಟಿ ಅಂಟುತ್ತದೆ. ಕೆಲಸಕ್ಕೆ ಹೋದಲ್ಲಿ ಅದು, ಹೆಣ್ಣು ಕೇಳಲು ಹೋದಲ್ಲಿ ಅದು.

ಇನ್ನೊಬ್ಬ ಗಿರಣಿಯವನು. ಹತ್ತು ವರ್ಷದ ಸಕ್ಕರೆ ಕಾಯಿಲೆ. ಕಾಲು ಬಾತು, ಉಸಿರು ಕಟ್ಟಿ ಆಸ್ಪತ್ರೆ ಸೇರಿದ. ಡಾಕ್ಟರರು ಅವಸರದಲ್ಲಿ ಅಕ್ಯೂಟ್ ಎಂದಷ್ಟೇ ಬರೆದರು, ಅಥವಾ ಬರಿದೇ ಕಿಡ್ನಿ ಫೇಲ್ಯೂರ್ ಎಂದರು. ಇವನು ಇ.ಎಸ್.ಐ. ವಿಮೆಯವನು. 1952ರಲ್ಲಿ ಕಾನಪುರ ಮತ್ತು ದಿಲ್ಲಿಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ ಹೆಚ್ಚೆಂದರೆ 91 ದಿನ, ಸಂಬಳದ ನೂರಕ್ಕೆ 70ರಂತೆ ಸಿಕ್ಕುತ್ತದೆ. ಆದರೆ ದೀರ್ಘಕಾಲದ 34 ಕಾಯಿಲೆಗಳ ಒಂದು ಪಟ್ಟಿಯಿದೆ. ಆ ಪಟ್ಟಿಯಲ್ಲಿ ಹೆಸರಿದ್ದರೆ ನೂರಕ್ಕೆ 80ರಂತೆ ಎರಡು ವರ್ಷಗಳವರೆಗೆ ಸಿಕ್ಕಬಹುದು; ಎರಡು ವರ್ಷ ವಿಮೆಯಡಿ ದುಡಿದಿರಬೇಕು ಮೊದಲಾದ ಷರತ್ತುಗಳಿವೆ. ಪಟ್ಟಿಯಲ್ಲಿರುವುದು ‘ಕ್ರಾನಿಕ್ ರೀನಲ್ ಫೇಲ್ಯೂರ್’ ಎಂಬ ಮಾತು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟದ್ದೂ ಅದರಲ್ಲಿ ಬೇರೆಯಾಗಿ ಬರುತ್ತದೆ. ಹಠಾತ್ ವೈಫಲ್ಯಕ್ಕೆ ಅಲ್ಲಿ ಜಾಗವಿಲ್ಲ, ಬರಿಯ ಕಿಡ್ನಿ ಫೇಲ್ಯೂರಿಗೂ ಇಲ್ಲ. ಸರ್ಟಿಫಿಕೇಟು ಬರೆಯುವವರು ಡಾಕ್ಟರರೇ, ನಮ್ಮ ಅಂಕೆಯಲ್ಲ. ಆದರೆ ಆ ಡಾಕ್ಟರರ ಮುಂದೆ ನಮ್ಮ ನೌಕರ ಇಡುವುದು ಈ ಕಾರ್ಡನ್ನೇ ಅಲ್ಲವೇ?

ಮೊದಲನೆಯವನಿಗೆ ಕ್ರಾನಿಕ್ ಎಂಬ ಮಾತು ಶಾಪ, ಎರಡನೆಯವನಿಗೆ ಅದೇ ಅನ್ನ. ಹಾಗೆಂದು ಬೇಕಾದ ಶಬ್ದವನ್ನು ಬರೆಸಿಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಅಂತಹ ಬೇಡಿಕೆ ಹಿಡಿದು ನಮ್ಮ ಕಿಟಕಿಗೆ ಬರುವವರೂ ಇದ್ದಾರೆ. ಅವರನ್ನು ನಾವು ವಾಪಸು ಕಳಿಸುತ್ತೇವೆ. ಇರುವುದನ್ನು ಬರೆಯಿರಿ, ಪೂರ್ತಿಯಾಗಿ ಬರೆಯಿರಿ ಎಂದು ಕೇಳುವ ಹಕ್ಕು ಮಾತ್ರ ಎಲ್ಲರಿಗೂ ಇದೆ.

ಒಲೆಯ ಮುಂದೆ ನಿಲ್ಲುವವರಿಗೆ ಇನ್ನೊಂದು ವಿಷಯ ಹೇಳಬೇಕು. 2002ರಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ ದೇಶದ ವೈದ್ಯರು ಒಂದು ವಿಚಿತ್ರವನ್ನು ಪ್ರಕಟಿಸಿದರು. ಅವರ ಆಸ್ಪತ್ರೆಗೆ ಮೂತ್ರಪಿಂಡದ ಕೊನೆಯ ಹಂತದಲ್ಲಿ ಬಂದ ಹೊಸ ರೋಗಿಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಜನಕ್ಕೆ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ, ತಿಳಿದ ಬೇರೆ ಯಾವ ಕಾರಣವಾಗಲಿ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಗಂಡಸರು, ಹೊಲಗಳಲ್ಲಿ ದುಡಿಯುವವರು. ನಿಕರಾಗುವಾದ ಕಬ್ಬಿನ ತೋಟಗಳಲ್ಲಿಯೂ ಇದೇ ಕಥೆ. ನಮ್ಮ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ ಇಂತಹುದೇ ಹಳೆಯ ಕಾಯಿಲೆ ಹಳ್ಳಿಹಳ್ಳಿಗಳನ್ನು ಕಾಡುತ್ತಿದೆ. ಕಾರಣದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಬಿಸಿಲಿನಲ್ಲಿ ಬೆವರಿ, ನೀರು ಸಾಲದೆ, ಮೂತ್ರಪಿಂಡಕ್ಕೆ ಮತ್ತೆ ಮತ್ತೆ ಬೀಳುವ ಸಣ್ಣ ಹಠಾತ್ ಏಟುಗಳೇ ಕೂಡಿ ಹಳೆಯ ಕಾಯಿಲೆಯಾಗುತ್ತವೆ ಎಂಬ ವಾದಕ್ಕೆ ಬಲವಿದೆ. ಹಠಾತ್ತು ಮತ್ತು ಹಳೆಯದು ಎರಡು ಬೇರೆ ಕೋಣೆಗಳೆಂದು ಇಷ್ಟು ಹೊತ್ತು ಹೇಳಿದೆವು. ಆದರೆ ಅವುಗಳ ನಡುವೆ ಬಾಗಿಲಿದೆ. ಹಠಾತ್ ಹಾನಿಯಾದವರನ್ನು ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸಬೇಕೆಂದು ಆ 2012ರ ಮಾರ್ಗಸೂಚಿಯೇ ಹೇಳುವುದು ಇದಕ್ಕಾಗಿ. ದೋಸೆಯ ಕಾವಲಿ, ಭಟ್ಟಿಗಳ ಮುಂದೆ ಹತ್ತು ತಾಸು ನಿಂತು, ಮೂತ್ರಕ್ಕೆ ಹೋಗಲು ಬಿಡುವಿಲ್ಲವೆಂದು ನೀರನ್ನೇ ಕುಡಿಯದೆ, ಮೈಕೈ ನೋವಿಗೆ ಔಷಧದಂಗಡಿಯ ಗುಳಿಗೆ ನುಂಗುವ ಅಡಿಗೆಯವರು ಈ ಮಾತನ್ನು ಕೇಳಿಸಿಕೊಳ್ಳಬೇಕು. ಆ ನೋವಿನ ಗುಳಿಗೆಗಳಲ್ಲಿ ಕೆಲವು, ಮೈಯಲ್ಲಿ ನೀರು ಬತ್ತಿದಾಗ, ಮೂತ್ರಪಿಂಡದ ರಕ್ತವನ್ನೇ ಕಡಿಮೆ ಮಾಡುತ್ತವೆ. ಕುಡಿಯುವ ನೀರಿಗೂ ಬಿಡುವಿಗೂ ಮಾಲಿಕರನ್ನು ಕೇಳುವುದು ಸಂಘದ ಕೆಲಸ. ಅದನ್ನು ಕಾರ್ಯಕಾರಿ ಸಮಿತಿಗೆ ಬಿಡುತ್ತೇವೆ.

ನಮ್ಮ ಜನರ ತೊಂದರೆ ಬೇರೆಯವರಿಗಿಲ್ಲದ ಒಂದುಂಟು. ನಾವು ಎರಡು ಊರಿನವರು. ಜ್ವರ ಬಂದರೆ ಮುಂಬಯಿಯ ಡಾಕ್ಟರರು, ಜೋರಾದರೆ ಬಸ್ಸು ಹತ್ತಿ ಊರು. ಕುಂದಾಪುರದಲ್ಲಿಯೋ ಉಡುಪಿಯಲ್ಲಿಯೋ ಕಳೆದ ಮೇ ತಿಂಗಳಲ್ಲಿ ಮಾಡಿಸಿದ ರಕ್ತಪರೀಕ್ಷೆಯ ಕಾಗದ ಅಲ್ಲಿನ ಮನೆಯ ಗೋಡೆಗೂಡಿನಲ್ಲಿ ಮಲಗಿರುತ್ತದೆ. ಇಲ್ಲಿ ಡಾಕ್ಟರರು ‘ಹಿಂದೆ ಎಷ್ಟಿತ್ತು’ ಎಂದು ಕೇಳುತ್ತಾರೆ. ಉತ್ತರ ಇಲ್ಲ. ಆ ಒಂದು ಕಾಗದ ಇಲ್ಲದ್ದರಿಂದಲೇ ಎಷ್ಟೋ ಕಟ್ಟುಗಳ ಮೇಲೆ ಎನ್ 19 ಬೀಳುತ್ತದೆ. ಹೋಟೆಲಿನ ಮಹಡಿಯಲ್ಲಿ ಹತ್ತು ಜನ ಮಲಗುವಲ್ಲಿ ಕಾಗದ ಜೋಪಾನ ಮಾಡುವುದು ಕಷ್ಟವೆಂಬುದನ್ನು ಬಲ್ಲೆವು. ಆದರೆ ಈಗ ಪ್ರತಿಯೊಬ್ಬರ ಕಿಸೆಯಲ್ಲಿ ಫೋನು ಇದೆ. ಕ್ರಿಯಾಟಿನಿನ್ ಬರೆದಿರುವ ಹಾಳೆಯ ಫೋಟೋ ತೆಗೆದು, ತಾರೀಕು ಕಾಣುವಂತೆ, ಮನೆಯವರಿಗೂ ಒಂದು ಕಳಿಸಿಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತ ಮತ್ತು ಮೂತ್ರ ಎರಡನ್ನೂ ಪರೀಕ್ಷಿಸಿಕೊಂಡರೆ ಆ ಹಾಳೆ ತಾನಾಗಿ ಹುಟ್ಟುತ್ತದೆ.

ಬಿಡುಗಡೆಯ ದಿನ, ಬಿಲ್ಲು ಕಟ್ಟಿ ಹೊರಡುವ ಗಡಿಬಿಡಿಯಲ್ಲಿ ಕಾರ್ಡನ್ನು ಮಡಿಚಿ ಜೇಬಿಗಿಡಬೇಡಿ. ‘ಡಯಾಗ್ನೋಸಿಸ್’ ಎಂಬ ಸಾಲನ್ನು ಓದಿ, ಓದಲಾಗದಿದ್ದರೆ ಓದಿಸಿ. ಅದರಲ್ಲಿ ಅಕ್ಯೂಟ್ ಇದೆಯೋ, ಕ್ರಾನಿಕ್ ಇದೆಯೋ, ಎರಡೂ ಇವೆಯೋ, ಯಾವುದೂ ಇಲ್ಲವೋ ನೋಡಿ. ಕ್ರಾನಿಕ್ ಇದ್ದರೆ ಎಷ್ಟನೆಯ ಹಂತವೆಂದು ಬರೆದಿದೆಯೇ, ಕಾರಣ ಬರೆದಿದೆಯೇ ನೋಡಿ. ಇಲ್ಲದಿದ್ದರೆ ವಾರ್ಡಿನ ಡಾಕ್ಟರರನ್ನು ಅಲ್ಲಿಯೇ ವಿನಯದಿಂದ ಕೇಳಿ. ಒಮ್ಮೆ ಕಟ್ಟು ನಮ್ಮ ಕೋಣೆಗೆ ಬಂದರೆ ತಿದ್ದಿಸುವುದಕ್ಕೆ ಅರ್ಜಿ, ಸಹಿ, ಮೊಹರು ಎಂದು ಹದಿನೈದು ದಿನ ಅಲೆಯಬೇಕಾಗುತ್ತದೆ. ಹಠಾತ್ತೋ ಹಳೆಯದೋ ಇನ್ನೂ ಗೊತ್ತಾಗಿಲ್ಲವೆಂದು ಡಾಕ್ಟರರು ಹೇಳಿದರೆ ಅದೂ ಪ್ರಾಮಾಣಿಕ ಉತ್ತರವೇ. ಮತ್ತೆ ಯಾವ ದಿನ ರಕ್ತ ಪರೀಕ್ಷಿಸಬೇಕೆಂಬ ತಾರೀಕನ್ನು ಕಾರ್ಡಿನ ಮೇಲೆ ಬರೆಸಿಕೊಳ್ಳಿ, ಆ ದಿನ ಹೋಗಿ.

ನಮ್ಮಲ್ಲಿ ಇಬ್ಬರು ಪ್ರತಿ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಈ ವಾಚನಾಲಯದಲ್ಲಿ ಕುಳಿತಿರಲು ಒಪ್ಪಿದ್ದಾರೆ. ಕಾರ್ಡು ತಂದರೆ ಓದಿ ಹೇಳುತ್ತಾರೆ, ಇ.ಎಸ್.ಐ. ಅರ್ಜಿಯನ್ನು ತುಂಬಿಕೊಡುತ್ತಾರೆ. ಔಷಧ ಮಾತ್ರ ಹೇಳುವುದಿಲ್ಲ. ಬರುವಾಗ ಹೊಸ ಕಾರ್ಡಿನ ಜೊತೆಗೆ ಮನೆಯಲ್ಲಿರುವ ಹಳೆಯ ಹಾಳೆಗಳನ್ನೂ ತನ್ನಿ, ಹರಿದಿದ್ದರೂ ಚಿಂತೆಯಿಲ್ಲ.